ಚೆಕ್ಕುಬಂದಿಯ ಸಂಪಾದಕರು

ಕಾಶಿಯ ಜಂಗಮವಾಡಿ ಮಠದಲ್ಲಿ ಇಳಿದುಕೊಂಡವರು ಕಣ್ಣನ್ನು ನೆಲದ ಮೇಲೇ ಇಟ್ಟು ನಡೆಯಬೇಕು. ಗೋಡೆಯ ಬುಡ, ಮೂಲೆ, ಗೂಡು, ಕಟ್ಟೆ, ಎಲ್ಲಿ ನೋಡಿದರೂ ಲಿಂಗಗಳು. ತೀರಿಕೊಂಡವರ ಹೆಸರಿನಲ್ಲಿ ಮನೆಯವರು ಒಪ್ಪಿಸಿ ಹೋದವು. ತಲೆಮಾರುಗಳಿಂದ ಸೇರುತ್ತ ಬಂದು ಸಂತೆಯಲ್ಲಿ ಕೂತ ಜನರ ಹಾಗೆ ಒಂದಕ್ಕೊಂದು ತಾಗಿಕೊಂಡಿವೆ. ಬೆಳಗಿನ ಆರಕ್ಕೆ ಬೀದರ್ ಕಡೆಯ ಯಾತ್ರಿಕರ ಗುಂಪೊಂದು ಬಕೆಟ್ಟು ಹಿಡಿದು ನಲ್ಲಿಯ ಮುಂದೆ ನಿಂತಿತ್ತು. "ನೀರ್ ಬಿಟ್ಟಾರೇನ್ರೀ ಯಕ್ಕಾ?" ಎಂಬ ಕೂಗು ಕೇಳಿದಾಗ ಇದು ಕಾಶಿಯೆಂಬುದೇ ಒಂದು ಗಳಿಗೆ ಮರೆತುಹೋಯಿತು.

ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ರಿಯಲ್ ಎಸ್ಟೇಟ್ ಮಾಸಪತ್ರಿಕೆ ಬಿದ್ದಿತ್ತು. ನುಣುಪು ಕಾಗದ, ಮುಖಪುಟದಲ್ಲಿ ಗಂಗೆಯ ಸೂರ್ಯೋದಯ. ಒಳಗೆ ರಿಂಗ್ ರೋಡಿನ ಪಕ್ಕದ ಪ್ಲಾಟುಗಳು, ಈಜುಕೊಳವಿರುವ ಅಪಾರ್ಟ್‌ಮೆಂಟುಗಳು, ನಗುವ ಅಜ್ಜ ಅಜ್ಜಿ. ಎರಡನೆಯ ಪುಟದಲ್ಲಿ ಟೈ ಕಟ್ಟಿದ ಸಂಪಾದಕ ಮಂಡಳಿಯ ಸಣ್ಣ ಸಣ್ಣ ಫೋಟೋಗಳು. ಕುಲ್ಹಡ್‌ನ ಚಹಾ ಆರುವಷ್ಟರಲ್ಲಿ ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದೆ. ಒಂದೇ ಒಂದು ಜಾಗದ ಚೆಕ್ಕುಬಂದಿಯೂ ಅದರಲ್ಲಿರಲಿಲ್ಲ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಹಳ್ಳ, ಏನೂ ಇಲ್ಲ.

ಪಕ್ಕದಲ್ಲಿ ಪಾನ್ ಜಗಿಯುತ್ತ ಕೂತಿದ್ದವರು ಜಮೀನಿನ ದಲ್ಲಾಳಿ. ಅರವತ್ತು ದಾಟಿದ ಮನುಷ್ಯ, ಕಂಕುಳಲ್ಲಿ ರೆಕ್ಸಿನ್ ಚೀಲ. ನನ್ನ ಗೊಣಗಾಟ ಕೇಳಿ ನಕ್ಕರು. "ಬಾಬೂಜಿ, ಅದು ನೋಡೋ ಪತ್ರಿಕೆ. ಓದೋದು ಬೇಕಾದರೆ ಇಲ್ಲಿದೆ" ಎಂದು ಚೀಲ ತಟ್ಟಿದರು. ಅದರಲ್ಲಿದ್ದದ್ದು ಬೈನಾಮಾಗಳ ಜೆರಾಕ್ಸ್. ನಮ್ಮಲ್ಲಿ ಕ್ರಯಪತ್ರ ಅನ್ನುತ್ತೇವಲ್ಲ, ಅವು. ಇಲ್ಲಿ ಜಾಗವನ್ನು ಬಿಸ್ವಾದಲ್ಲಿ ಅಳೆಯುತ್ತಾರೆ. ಒಂದು ಬಿಸ್ವಾಕ್ಕೆ 1,361 ಚದರಡಿ, ಇಪ್ಪತ್ತು ಬಿಸ್ವಾಕ್ಕೆ ಒಂದು ಬೀಘಾ. ಚೆಕ್ಕುಬಂದಿಗೆ ಚೌಹದ್ದಿ ಎಂದು ಹೆಸರು. "ಚೌಹದ್ದಿ ಸರಿಯಿಲ್ಲದ ಮಕಾನು ಅಂದರೆ ಅಪ್ಪನ ಹೆಸರಿಲ್ಲದ ಮಗು" ಎಂದರು.

ನನಗೆ ನಮ್ಮ ಅಜ್ಜನ ಟ್ರಂಕು ನೆನಪಾಯಿತು. ಅದರ ತಳದಲ್ಲಿ ಹರಳೆಣ್ಣೆಯ ವಾಸನೆ ಹೊಡೆಯುತ್ತಿದ್ದ ಒಂದು ಛಾಪಾಕಾಗದದ ಕ್ರಯಪತ್ರವಿತ್ತು. ಅದರಲ್ಲಿ ಗದ್ದೆಯ ಜೊತೆಗೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನೂ ಮಾರಲಾಗಿತ್ತು. ಒಂದೂಕಾಲು ಎಕರೆ ಗದ್ದೆಯಲ್ಲಿ ನಿಧಿ ಎಲ್ಲಿಂದ ಬರಬೇಕು? ಸಿಕ್ಕಿದ್ದು ಕಳೆ, ಏಡಿ. ಆದರೂ ಆ ಎಂಟು ಮಾತು ಬರೆಯದೆ ಪತ್ರ ಪೂರ್ತಿಯಾಗುತ್ತಿರಲಿಲ್ಲ. ಕಲ್ಲಿನ ಶಾಸನಗಳಿಂದ ಜಾರಿ ಛಾಪಾಕಾಗದಕ್ಕೆ ಬಂದ ಮಾತುಗಳು ಅವು. ಕನ್ನಡದ ದಾನಶಾಸನಗಳನ್ನು ಓದಿದವರಿಗೆ ಇನ್ನೊಂದೂ ಗೊತ್ತು. ಈ ಭೂಮಿಗೆ ಅಳುಪಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತದೆ ಎಂಬ ಶಾಪ ಕೊನೆಯಲ್ಲಿ ಬಂದೇ ಬರುತ್ತದೆ. ಕಾಶಿಯನ್ನು ಕಂಡಿರದ, ಕಾಣುವ ಆಸೆಯನ್ನೂ ಇಟ್ಟುಕೊಂಡಿರದ ನಮ್ಮ ಹಳ್ಳಿಯ ಗೌಡನಿಗೂ ತನ್ನ ಹೊಲದ ಕಾವಲಿಗೆ ಈ ಊರೇ ಬೇಕಾಗಿತ್ತು. ಸಾವಿರ ವರ್ಷಕ್ಕೂ ಮಿಕ್ಕಿ ವಾರಣಾಸಿ ಕನ್ನಡಿಗರ ಜಮೀನಿನ ಪತ್ರದ ಕೊನೆಯ ಸಾಲುಗಳಲ್ಲಿ ಬೀಗದ ಹಾಗೆ ಕೂತಿದೆ. ಹಾಗಿದ್ದರೆ ವಾರಣಾಸಿಯದೇ ಜಮೀನಿನ ಪತ್ರಗಳು ಹೇಗಿದ್ದವು, ಅವನ್ನು ಅಚ್ಚು ಹಾಕಿಸಿದವರು ಯಾರು ಎಂದು ನೋಡುವ ಹುಚ್ಚಿನಿಂದಲೇ ನಾನು ಬಂದದ್ದು. ಮಠದವರ ಬಳಿ ಮೊಗಲ್ ಬಾದಶಹರ ಫರ್ಮಾನುಗಳಿವೆ, ಅವೂ ಭೂಮಿಯವೇ. ಆದರೆ ಅದಕ್ಕೂ ಹಿಂದಿನವು ನನಗೆ ಬೇಕಾಗಿದ್ದವು.

ಆಟೋ ಹಿಡಿದು ರಾಜಘಾಟಿಗೆ ಹೋದೆ. ಊರಿನ ಈ ಉತ್ತರದ ತುದಿಗೆ ಪ್ರವಾಸಿಗರು ಬರುವುದು ಕಡಿಮೆ. ತಲೆಯ ಮೇಲೆ ಮಾಳವೀಯ ಸೇತುವೆ. ಮೇಲೆ ಬಸ್ಸು, ಕೆಳಗೆ ರೈಲು. ರೈಲು ಹಾಯುವಾಗ ಕಬ್ಬಿಣದ ಸದ್ದು ನೀರಿನವರೆಗೆ ಇಳಿಯುತ್ತದೆ. 1939-40ರಲ್ಲಿ ಕಾಶಿ ಸ್ಟೇಷನ್ನಿನ ಕೆಲಸಕ್ಕೆಂದು ಇಲ್ಲಿನ ದಿಬ್ಬವನ್ನು ರೈಲ್ವೆಯವರು ಅಗೆದಾಗ ಮಣ್ಣಿನ ಮುದ್ರೆಗಳು ರಾಶಿ ರಾಶಿಯಾಗಿ ಸಿಕ್ಕವು. ಅವುಗಳಲ್ಲಿ ವಾರಣಾಸಿ ನಗರದ ಅಧಿಕರಣದ್ದು, ಅಂದರೆ ಆಗಿನ ನಗರ ಕಚೇರಿಯದು, ಒಂದು ಬಗೆ. ಗುಪ್ತರ ಕಾಲದ ಕಚೇರಿಯ ಠಸ್ಸೆ ಎನ್ನಬಹುದು. ಹೆಬ್ಬೆರಳ ತುದಿಯಷ್ಟು ಮಣ್ಣು. ಕಟ್ಟಿದ್ದ ದಾರ ಸುಟ್ಟುಹೋಗಿದೆ, ಮುಚ್ಚಿದ್ದ ಪತ್ರ ಮಣ್ಣಾಗಿದೆ, ಮೊಹರು ಮಾತ್ರ ಗಟ್ಟಿಯಾಗಿ ಉಳಿದಿದೆ. ಕಚೇರಿಗಳ ಸ್ವಭಾವವೇ ಹಾಗೆ.

ಅಲ್ಲಿಂದ ಆದಿಕೇಶವನ ಗುಡಿಗೆ ನಡೆದರೆ ವರುಣಾ ನದಿ ಗಂಗೆಗೆ ಸೇರುವ ಜಾಗ. ಚೈತ್ರದ ಬಿಸಿಲಿಗೆ ವರುಣೆ ಬಡಕಲಾಗಿದ್ದಳು, ಬಣ್ಣ ಮಾತ್ರ ಕಪ್ಪು. ಈಚೆ ದಡದಲ್ಲಿ ಹುಡುಗನೊಬ್ಬ ಎಮ್ಮೆಯ ಬೆನ್ನು ಉಜ್ಜುತ್ತಿದ್ದ. ಆಚೆ ದಡದ ಹೊಲಗಳ ಕಡೆಯೇ ಕಮೌಲಿ. 1892ರಲ್ಲಿ ಅಲ್ಲಿ ಉಳುತ್ತಿದ್ದವನ ನೇಗಿಲಿಗೆ ತಾಮ್ರದ ಹಲಗೆಗಳ ಗಂಟೊಂದು ಸಿಕ್ಕಿತು. ಗಾಹಡವಾಲ ಅರಸರ ದಾನಪತ್ರಗಳು. ಕನೌಜಿನ ಅರಸರೆಂದು ಹೆಸರಾದರೂ ಅವರ ಮನಸ್ಸಿದ್ದದ್ದು ಈ ಊರಿನಲ್ಲಿ. ಅರಸ ಗಂಗೆಯಲ್ಲಿ ಮೀಯುತ್ತಿದ್ದ, ದೇವರಿಗೆ, ಪಿತೃಗಳಿಗೆ ತರ್ಪಣ ಬಿಟ್ಟು, ಕೈಯಲ್ಲಿ ದರ್ಭೆ ಮತ್ತು ನೀರು ಹಿಡಿದು ಊರುಗಳನ್ನು ಧಾರೆ ಎರೆಯುತ್ತಿದ್ದ. ಈಗ ಆ ಹುಡುಗ ಎಮ್ಮೆ ತೊಳೆಯುತ್ತಿದ್ದ ಕಡೆಯೇ ಎಲ್ಲೋ ಆಗಿರಬಹುದು.

ಆ ಪತ್ರಗಳ ಒಕ್ಕಣೆ ಕೇಳಿದರೆ ಅಜ್ಜನ ಛಾಪಾಕಾಗದದ ದಾಯಾದಿ ಅನ್ನಿಸುತ್ತದೆ. ಕೊಟ್ಟ ಊರು ಬರಿಯ ಊರಲ್ಲ. ಅದರ ನೀರು ಮತ್ತು ನೆಲ, ಕಬ್ಬಿಣದ ಮತ್ತು ಉಪ್ಪಿನ ಗಣಿ, ಮೀನಿನ ಹೊಂಡ, ತಗ್ಗು, ಸವಳು ಭೂಮಿ, ಇಪ್ಪೆ ಮತ್ತು ಮಾವಿನ ತೋಪು, ಹುಲ್ಲು, ಗೋಮಾಳ, ಮೇಲಿರುವುದು, ಕೆಳಗಿರುವುದು, ನಾಲ್ಕು ಎಲ್ಲೆಗಳ ಒಳಗಿನದೆಲ್ಲವೂ ಸೇರಿ ದಾನ. ಸವಳು ಭೂಮಿಯನ್ನೂ ಹೆಸರಿಟ್ಟು ಬರೆದ ಆ ಬರಹಗಾರನ ಪ್ರಾಮಾಣಿಕತೆಗೆ ನಾನು ಬೆಂಚಿನ ಮೇಲಿನ ಮಾಸಪತ್ರಿಕೆಯ ಅಷ್ಟೂ ಪುಟಗಳನ್ನು ಕೊಟ್ಟೇನು. ಆಮೇಲೆ ತೆರಿಗೆಗಳ ಪಟ್ಟಿ: ಭಾಗಭೋಗಕರ, ಪ್ರವಣಿಕರ, ತುರುಷ್ಕದಂಡ. ಕೊನೆಯದು ತುರುಕರ ದಾಳಿ ತಡೆಯಲು ಎತ್ತಿದ ತೆರಿಗೆಯೋ, ಇಲ್ಲಿ ನೆಲಸಿದ್ದ ತುರುಕರ ಮೇಲೆ ಹಾಕಿದ್ದೋ ಎಂದು ವಿದ್ವಾಂಸರು ಇನ್ನೂ ಕಿತ್ತಾಡುತ್ತಾರೆ. ಕೊನೆಯಲ್ಲಿ ನಮ್ಮ ಶಾಸನಗಳಲ್ಲೂ ಇರುವ ಅದೇ ಸಂಸ್ಕೃತ ಶ್ಲೋಕಗಳ ಬೆದರಿಕೆ: ಭೂಮಿ ಕೊಟ್ಟವನಿಗೆ ಅರವತ್ತು ಸಾವಿರ ವರ್ಷ ಸ್ವರ್ಗ, ಕಿತ್ತುಕೊಂಡವನು ಹೇಲಿನ ಹುಳು. ಹಲಗೆಯ ಮೇಲ್ತುದಿಗೆ ಬಳೆ, ಬಳೆಗೆ ಗರುಡ ಮತ್ತು ಶಂಖದ ಮುದ್ರೆ. ಕಾಶಿಯಲ್ಲೇ ಬರೆದ ಪತ್ರದ ಶಾಪದಲ್ಲಿ ಕಾಶಿಯ ಕವಿಲೆಗಳ ಸುದ್ದಿಯಿಲ್ಲ. ದೂರದ ಊರಿಗೇ ಭಯ ಹೆಚ್ಚು.

ಬಹುಪಾಲು ಪತ್ರಗಳು ಒಂದೇ ಪುರೋಹಿತ ಮನೆತನಕ್ಕೆ, ಜಾಗುಶರ್ಮ ಮತ್ತು ಅವನ ಕಡೆಯವರಿಗೆ, ಸೇರಿದವು. ಅಂದರೆ ರೈತನ ನೇಗಿಲಿಗೆ ತಾಗಿದ್ದು ಒಂದು ಮನೆಯ ತಿಜೋರಿ. ಕಾಮರೂಪದ ವೈದ್ಯದೇವನ ಪತ್ರವೂ ಕಮೌಲಿಯಲ್ಲೇ ಸಿಕ್ಕಿತು. ಜಮೀನು ಅಸ್ಸಾಮಿನಲ್ಲಿ, ಕಾಗದ ಕಾಶಿಯಲ್ಲಿ! ಬೆಂಗಳೂರಿನ ಸೈಟಿನ ಪತ್ರವನ್ನು ನ್ಯೂಜೆರ್ಸಿಯ ಲಾಕರಿನಲ್ಲಿ ಇಟ್ಟುಕೊಂಡವರಿಗೆ ಇದರಲ್ಲಿ ವಿಶೇಷ ಕಾಣಲಿಕ್ಕಿಲ್ಲ.

ಇವನ್ನೆಲ್ಲ ಓದಿ ಅಚ್ಚಿಗೆ ಕೊಟ್ಟದ್ದು 'ಎಪಿಗ್ರಾಫಿಯಾ ಇಂಡಿಕಾ' ಎಂಬ ಪತ್ರಿಕೆ. ವೈದ್ಯದೇವನ ಪತ್ರವನ್ನು ಎರಡನೆಯ ಸಂಪುಟದಲ್ಲಿ ಸಂಪಾದಿಸಿದವರು ಕಾಶಿಯ ಸರ್ಕಾರಿ ಸಂಸ್ಕೃತ ಕಾಲೇಜಿನ ಆರ್ಥರ್ ವೆನಿಸ್. ಗಾಹಡವಾಲರ 21 ತಾಮ್ರಪಟಗಳು, ವಿಕ್ರಮ ಸಂವತ್ 1171ರಿಂದ 1233ರವರೆಗಿನವು, ನಾಲ್ಕನೆಯ ಸಂಪುಟದಲ್ಲಿ ಫ್ರಾಂಜ್ ಕೀಲ್‌ಹಾರ್ನ್ ಹೆಸರಿನಲ್ಲಿ ಬಂದವು. ಕೀಲ್‌ಹಾರ್ನ್ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪಾಠ ಹೇಳಿ ಹೋದ ಜರ್ಮನ್. ಆಗ ಗ್ಯೋಟಿಂಗೆನ್ನಿನಲ್ಲಿ ಕೂತಿದ್ದರು. ಪತ್ರಿಕೆಯ ಸಂಪಾದಕ ಇನ್ನೊಬ್ಬ ಜರ್ಮನ್, ಹುಲ್ಷ್.

ಆ ಸಂಪುಟದ ಒಂದು ಪುಟವನ್ನು ಬಿಡಿಸಿಟ್ಟುಕೊಂಡರೆ ಒಳ್ಳೆಯ ಸಬ್ ರಿಜಿಸ್ಟ್ರಾರನ ಮೇಜಿನ ಮುಂದೆ ಕೂತ ಹಾಗೆ. ತಾಮ್ರದ ಮೇಲೆ ಎಷ್ಟು ಸಾಲಿದೆಯೋ ಅಷ್ಟೇ ಸಾಲು, ಪ್ರತಿಯೊಂದಕ್ಕೂ ನಂಬರು. ಕೆತ್ತಿದವನು ತಪ್ಪು ಮಾಡಿದ್ದರೆ ತಪ್ಪು ಮೇಲೆಯೇ ಉಳಿಯುತ್ತದೆ, ಸರಿಯಾದದ್ದು ಅಡಿಟಿಪ್ಪಣಿಗೆ ಇಳಿಯುತ್ತದೆ. ಬಕಾರಕ್ಕೂ ವಕಾರಕ್ಕೂ ಒಂದೇ ಅಕ್ಷರ ಬಳಸಿದ್ದಾನೆ, ಶಕಾರವಿರಬೇಕಾದಲ್ಲಿ ಸಕಾರ ಹಾಕಿದ್ದಾನೆ ಎಂದು ಕೀಲ್‌ಹಾರ್ನ್ ತಣ್ಣಗೆ ಬರೆದಿಡುತ್ತಾರೆ. ಬೈಗುಳವಿಲ್ಲ. ಆಮೇಲೆ ತಿಥಿ. ಹುಣ್ಣಿಮೆ, ಇಂಥ ವಾರ, ಗ್ರಹಣ ಎಂದು ಪತ್ರ ಹೇಳಿದರೆ ಸಾಲದು. ಅವತ್ತು ನಿಜವಾಗಿ ಆ ವಾರವೇ ಇತ್ತೇ, ಆಕಾಶದಲ್ಲಿ ಗ್ರಹಣ ಹಿಡಿದಿತ್ತೇ ಎಂದು ಲೆಕ್ಕ ಹಾಕಿ ನೋಡುತ್ತಾರೆ. ಏಳುನೂರು ಚಿಲ್ಲರೆ ವರ್ಷದ ಹಿಂದಿನ ದಾನಪತ್ರದ ತಾರೀಖನ್ನು ಚಂದ್ರನನ್ನೇ ಸಾಕ್ಷಿಗೆ ಕರೆದು ತಾಳೆ ನೋಡುವ ಸಂಪಾದಕರು ಎಷ್ಟು ಪತ್ರಿಕೆಗೆ ಸಿಕ್ಕಾರು?

ಈ ಕಸುಬಿನ ಮೊದಲ ದೊಡ್ಡ ಸಂಪಾದಕನಿಗೆ ಕಾಶಿಯ ಅನ್ನದ ಋಣವಿತ್ತು. ನದೇಸರದಲ್ಲಿ ಈಗಲೂ 'ಮಿಂಟ್ ಹೌಸ್' ಎಂದರೆ ಆಟೋದವರು ಎರಡನೆಯ ಮಾತಿಲ್ಲದೆ ಕರೆದೊಯ್ಯುತ್ತಾರೆ. ಟಂಕಸಾಲೆ ನಿಂತು ಎರಡು ಶತಮಾನವಾಗುತ್ತ ಬಂದರೂ ಹೆಸರು ಸವೆದಿಲ್ಲ. ಜೇಮ್ಸ್ ಪ್ರಿನ್ಸೆಪ್ 1820ರಿಂದ 1830ರವರೆಗೆ ಕಾಶಿಯ ಟಂಕಸಾಲೆಯಲ್ಲಿ ಚಿನ್ನ ಬೆಳ್ಳಿಯ ಮಟ್ಟ ನೋಡುವ ಅಧಿಕಾರಿ. ಬಂದಾಗ ಇಪ್ಪತ್ತೊಂದು ವರ್ಷ. ಲಂಡನ್ನಿನಲ್ಲಿ ವಾಸ್ತುಶಿಲ್ಪ ಕಲಿಯಲು ಹೋಗಿ, ಕಣ್ಣು ಕೈಕೊಟ್ಟದ್ದರಿಂದ ಈ ಕೆಲಸಕ್ಕೆ ತಿರುಗಿದವನು. ಆ ಸೋತ ಕಣ್ಣಿನಲ್ಲೇ ಗ್ರೇನಿನ ಮೂರು ಸಾವಿರದಲ್ಲೊಂದು ಪಾಲಿನ ವ್ಯತ್ಯಾಸ ತೋರಿಸುವ ತಕ್ಕಡಿ ಮಾಡಿದ. ತಕ್ಕಡಿ ಸಾಲದೆ ಊರನ್ನೇ ಅಳೆಯಲು ಹೊರಟ. 1822ರಲ್ಲಿ ಗಲ್ಲಿ ಗಲ್ಲಿ ಸುತ್ತಿ ಕಾಶಿಯ ನಕ್ಷೆ ತಯಾರಿಸಿದ. ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು.

ಈ ಊರಿನ ಗಲ್ಲಿಗಳಲ್ಲಿ ಒಮ್ಮೆ ಕಾಲಿಟ್ಟವರಿಗೆ ಆ ಕೆಲಸದ ಭಾರ ಗೊತ್ತಾಗುತ್ತದೆ. ಪಕ್ಕಾ ಮಹಲ್‌ನಲ್ಲಿ ಎರಡು ಕೈ ಚಾಚಿದರೆ ಎರಡೂ ಕಡೆಯ ಮನೆಗಳ ಗೋಡೆ ತಾಗುತ್ತದೆ. ತಲೆಯ ಮೇಲೆ ಒಂದು ಪಟ್ಟಿಯಷ್ಟು ಆಕಾಶ, ಅದರಲ್ಲೂ ಅರ್ಧ ಕರೆಂಟಿನ ತಂತಿ. ತಿರುವಿನಲ್ಲೊಂದು ಗೂಳಿ, ಅದು ಎದ್ದರೆ ಮುಂದೆ ದಾರಿ, ಎದ್ದೇಳದಿದ್ದರೆ ನಾವೇ ಹಿಂದೆ. ಬಾಗಿಲಿನ ಪಕ್ಕ ಗೇರುಬಣ್ಣದಲ್ಲಿ 'ಈ ಮನೆ ಮಾರಾಟಕ್ಕಿಲ್ಲ' ಎಂದು ಬರೆದಿರುತ್ತದೆ, ಅಂದರೆ ಒಳಗೆ ಅಣ್ಣತಮ್ಮಂದಿರ ಕೇಸು ನಡೆಯುತ್ತಿದೆ ಎಂದರ್ಥ. ಇಲ್ಲಿ ಮನೆ ಎಲ್ಲಿ ಮುಗಿಯುತ್ತದೆ, ಗುಡಿ ಎಲ್ಲಿ ಶುರುವಾಗುತ್ತದೆ? ಒಬ್ಬರ ಅಟ್ಟದ ಮೇಲೆ ಇನ್ನೊಬ್ಬರ ಅಡಿಗೆಮನೆ.

1803ರ ಅಂದಾಜಿನಲ್ಲಿ ಕಾಶಿಯ ಜನಸಂಖ್ಯೆ 5,82,000 ಎಂದಿತ್ತು. ಮನೆಗಳನ್ನು ಅಂತಸ್ತಿನ ಪ್ರಕಾರ ವಿಂಗಡಿಸಿ, ಇಷ್ಟು ಅಂತಸ್ತಿಗೆ ಇಷ್ಟು ಜನ ಎಂದು ಗುಣಿಸಿದರೆ ಆಗುವ ಅನಾಹುತ. ಪ್ರಿನ್ಸೆಪ್ 1829ರ ಹೊತ್ತಿಗೆ ಮೊಹಲ್ಲಾ ಮೊಹಲ್ಲಾ ಎಣಿಸಿದಾಗ ಊರಿನ ಜನ ಸುಮಾರು 1,80,000 ಎಂದು ಬಂತು. ಒಂದೇ ಏಟಿಗೆ ನಾಲ್ಕು ಲಕ್ಷ ಜನ ಮಾಯ. ಪುಣ್ಯಕ್ಷೇತ್ರದ ಲೆಕ್ಕದಲ್ಲಿ ಹೀಗೆ ಕಳೆಯುವುದಕ್ಕೆ ಎದೆಗಾರಿಕೆ ಬೇಕು. ಈಗಿನ ಪ್ಲಾಟ್ ಪತ್ರಿಕೆಗಳು 'ಸ್ಟೇಷನ್ನಿನಿಂದ ಹತ್ತೇ ನಿಮಿಷ' ಎಂದು ಬರೆಯುವಾಗಲೆಲ್ಲ ನನಗೆ ಈ ಕಳೆಯುವ ಲೆಕ್ಕ ನೆನಪಾಗುತ್ತದೆ.

ಟಂಕಸಾಲೆ ಮುಚ್ಚಿತು, ಪ್ರಿನ್ಸೆಪ್ ಕಲ್ಕತ್ತೆಗೆ ಹೋದ. ಅಲ್ಲಿ ಹರ್ಬರ್ಟ್ ಎಂಬ ಕ್ಯಾಪ್ಟನ್ 1829ರಲ್ಲಿ ಶುರುಮಾಡಿದ್ದ ವಿಜ್ಞಾನ ಪತ್ರಿಕೆಯೊಂದು ಇವನ ಕೈಗೆ ಬಂದು, 1832ರಲ್ಲಿ ಏಷಿಯಾಟಿಕ್ ಸೊಸೈಟಿಯ ಜರ್ನಲ್ ಆಯಿತು. ಅವನ ಸಂಪಾದಕ ಮಂಡಳಿಯ ಫೋಟೋ ತೆಗೆಯುವಂತಿದ್ದರೆ ಚೆನ್ನಾಗಿರುತ್ತಿತ್ತು: ಸಂಸ್ಕೃತ ಬಿಡಿಸಿ ಹೇಳುವ ಕಮಲಾಕಾಂತ ವಿದ್ಯಾಲಂಕಾರ, ಸಿಂಹಳದಿಂದ ಕಾಗದ ಬರೆಯುವ ಟರ್ನರ್, ಕಾಡಿನ ನಡುವಿನ ಕಂಬಗಳ ನಕಲು ಕಳಿಸುವ ಸೈನ್ಯದ ಎಂಜಿನಿಯರುಗಳು. ಚಿತ್ರಪುಟಗಳಿಗೆ ತಾನೇ ಕೂತು ಗೆರೆ ಕೆತ್ತುತ್ತಿದ್ದ. 1837ರಲ್ಲಿ ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್ ಕಳಿಸಿದ ಸಾಂಚಿಯ ಪ್ರತಿಗಳನ್ನು ಅಚ್ಚಿಗೆ ಸಿದ್ಧಮಾಡುವಾಗ, ಕಟಾಂಜನದ ಸಣ್ಣ ಸಣ್ಣ ಬರಹಗಳೆಲ್ಲ ಅವೇ ಎರಡು ಅಕ್ಷರಗಳಲ್ಲಿ ಮುಗಿಯುವುದು ಕಣ್ಣಿಗೆ ಬಿತ್ತು. ಕಾಶಿಯಲ್ಲಿ ಹತ್ತು ವರ್ಷ ಕಳೆದವನಿಗೆ ಗುಡಿಯ ಕಲ್ಲಿನ ಮೇಲೆ ಜನ ಏನು ಬರೆಸುತ್ತಾರೆಂದು ಹೇಳಿಕೊಡಬೇಕೇ? ಇಂಥವರ ದಾನ. ಆ 'ದಾನಂ' ಎಂಬ ಪದದ ಎರಡು ಅಕ್ಷರಗಳಿಂದ ಬ್ರಾಹ್ಮಿ ಲಿಪಿಯ ಬೀಗ ಕಳಚಿತು. ಮರುವರ್ಷವೇ ಮೈ ಕೈ ಸೋತು ಹಡಗು ಹತ್ತಿದವನು 1840ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ನಲವತ್ತು ವರ್ಷ.

ಅವನು ಓದಿದ ಶಾಸನಗಳ 'ಪಿಯದಸಿ' ಎಂಬ ಅರಸನೇ ಅಶೋಕ ಎಂಬುದನ್ನು ಟರ್ನರನ ಗ್ರಂಥಗಳು ಹೇಳಿದ್ದವು. ಕಲ್ಲು ತಾನೇ ಬಾಯಿಬಿಟ್ಟು ಹೇಳಿದ್ದು ನಮ್ಮ ರಾಯಚೂರಿನ ಮಸ್ಕಿಯಲ್ಲಿ, 1915ರಲ್ಲಿ. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಕಲ್ಲು ಸಿಕ್ಕಿತು, ಓದಿ ಪ್ರಕಟಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಮುಂದೆ ಇವರೇ ಎಪಿಗ್ರಾಫಿಯಾ ಇಂಡಿಕಾದ ಸಂಪಾದಕರ ಸಾಲಿನಲ್ಲೂ ಕೂತರು. ಆ ಕುರ್ಚಿಗೆ ಕನ್ನಡದವರು ಮತ್ತೆ ಮತ್ತೆ ಬಂದಿದ್ದಾರೆ: ಎನ್. ಲಕ್ಷ್ಮೀನಾರಾಯಣ ರಾವ್, ಜಿ. ಎಸ್. ಗಾಯಿ. 1966ರಲ್ಲಿ ಕಚೇರಿಯೇ ಊಟಿಯ ಚಳಿ ಬಿಟ್ಟು ಮೈಸೂರಿಗೆ ಇಳಿಯಿತು.

ಸುಳ್ಳು ಪತ್ರಗಳ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಜಮೀನು ಇದ್ದಲ್ಲಿ ಖೊಟ್ಟಿ ಕಾಗದ ಇದ್ದೇ ಇರುತ್ತದೆ, ತಾಮ್ರದ ಕಾಲದಲ್ಲೂ ಇತ್ತು. ನಮ್ಮ ಗಂಗರ ತಾಮ್ರಪಟಗಳ ವಿಷಯದಲ್ಲಿ ಬಿ. ಎಲ್. ರೈಸ್ ಮತ್ತು ಜೆ. ಎಫ್. ಫ್ಲೀಟ್ ವರ್ಷಗಟ್ಟಲೆ ಜಗಳವಾಡಿದರು. ರೈಸ್ ಬೆಂಗಳೂರಿನಲ್ಲಿ ಹುಟ್ಟಿದವರು, ಹನ್ನೆರಡು ಸಂಪುಟಗಳ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ತಂದವರು. ಸಿಕ್ಕಿದ್ದನ್ನು ನಂಬುವ ಮೃದು ಮನಸ್ಸು. ಫ್ಲೀಟ್ ಮುಂಬಯಿ ಪ್ರಾಂತ್ಯದಲ್ಲಿ ಕಂದಾಯದ ಅಧಿಕಾರಿಯಾಗಿದ್ದವರು. ಇನಾಮು ಜಮೀನಿನ ಅರ್ಜಿಗಳನ್ನು ನೋಡಿ ನೋಡಿ ಕಾಗದದ ವಾಸನೆಯಲ್ಲೇ ಸುಳ್ಳು ಹಿಡಿಯುವ ಮೂಗು. ಲಿಪಿ ಒಂದು ಕಾಲದ್ದು, ತಾರೀಖು ಇನ್ನೊಂದು ಕಾಲದ್ದು. ಹೀಗಾಗಿ ಖೊಟ್ಟಿ ಎಂದು ಪಟ್ಟಿ ಹಾಕಿಬಿಟ್ಟರು. ಫ್ಲೀಟರ ಮೂಗು ಕೆಲವು ಕಡೆ ಅತಿಯಾಯಿತು ಅನ್ನಿಸಿದರೂ ನನ್ನ ಮತ ಅವರಿಗೇ. ಇಬ್ಬರನ್ನೂ ಒಂದೇ ಪತ್ರಿಕೆಯ ಮಂಡಳಿಯಲ್ಲಿ ಕೂರಿಸಿದ್ದರೆ ಪ್ರೆಸ್ಸಿಗೆ ಹೋಗುವ ದಿನ ಪೊಲೀಸರು ಬೇಕಾಗುತ್ತಿದ್ದರು.

ಈ ಪತ್ರಿಕೆಗಳ ಅಸಲು ವರದಿಗಾರರ ಹೆಸರು ಮುಖಪುಟಕ್ಕೆ ಬರಲಿಲ್ಲ. ಅವರು ಊರೂರು ಅಲೆದು ಪಡಿಯಚ್ಚು ತೆಗೆಯುವವರು. ಕಲ್ಲನ್ನು ತಿಕ್ಕಿ ತೊಳೆಯಬೇಕು. ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಗಾಳಿಯ ಗುಳ್ಳೆ ಉಳಿಯದಂತೆ ಬ್ರಷ್ಷಿನಿಂದ ಕುಟ್ಟಬೇಕು. ಕಾಗದ ಅಕ್ಷರದ ಹಳ್ಳಕ್ಕೆ ಇಳಿಯುತ್ತದೆ. ಆಮೇಲೆ ಮಸಿ ಹತ್ತಿದ ಉಂಡೆಯಿಂದ ಮೆಲ್ಲಗೆ ತಟ್ಟಬೇಕು. ಉಬ್ಬಿದ್ದು ಕಪ್ಪು, ಹಳ್ಳ ಬಿಳಿ. ಹಿಂದೊಮ್ಮೆ ಹಾಸನದ ಕಡೆಯ ಊರೊಂದರಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೆ. ಅಲ್ಲಿ ನೆರೆದಿದ್ದ ಅಜ್ಜಿಯೊಬ್ಬಳು ಕೇಳಿದ್ದು ಒಂದೇ ಪ್ರಶ್ನೆ: "ಯಾರ್ ಹೊಲದ್ದಪ್ಪ ಅದು?" ಕನ್ನಡದ ಅತಿ ಹಳೆಯ ಬರಹಗಳಲ್ಲೊಂದಾದ ಹಲ್ಮಿಡಿ ಶಾಸನಕ್ಕೂ ಅದೇ ಪ್ರಶ್ನೆ ಹಾಕಬಹುದು. ಕಾಳಗದಲ್ಲಿ ಗೆದ್ದವನಿಗೆ ಎರಡು ಊರು ಕೊಟ್ಟ ಪತ್ರ ಅದು. ನಮ್ಮ ಸಾಹಿತ್ಯದ ಬಾಗಿಲಲ್ಲೇ ರಿಯಲ್ ಎಸ್ಟೇಟು ಕೂತಿದೆ.

ಸಂಜೆ ಮಠದ ಕಡೆ ಬರುವಾಗ ವಿಶ್ವನಾಥನ ಗುಡಿಯ ಬಳಿ ಹಾದೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ಕಾರಿಡಾರ್. ಮೊದಲು ಮೂರು ಸಾವಿರ ಚದರಡಿಯಷ್ಟಿದ್ದ ಆವರಣ ಈಗ ಐದು ಲಕ್ಷದ ಹತ್ತಿರ. ಅದಕ್ಕಾಗಿ ಮುನ್ನೂರಕ್ಕೂ ಹೆಚ್ಚು ಆಸ್ತಿಗಳನ್ನು ಕೊಂಡರು, ಒಡೆದರು. ಒಡೆದ ಮನೆಗಳ ಒಳಗಿಂದ ನಲವತ್ತಕ್ಕೂ ಹೆಚ್ಚು ಹಳೆಯ ಗುಡಿಗಳು ಹೊರಬಂದವು. ಈಗ ಬಿಸಿಲೂ ಗಾಳಿಯೂ ಧಾರಾಳ. ಚುನಾರಿನ ಕಲ್ಲಿನ ಮೇಲೆ ಮಕ್ಕಳು ಓಡುತ್ತಿದ್ದರು.

ದಲ್ಲಾಳಿ ಅದೇ ಬೆಂಚಿನ ಮೇಲೆ ಸಿಕ್ಕರು. ಚೀಲದಿಂದ ಒಂದು ಬೈನಾಮಾ ತೆಗೆದು, ಕನ್ನಡಕ ಏರಿಸಿ, ಬೆರಳು ಇಟ್ಟು ಓದಿದರು. ಪೂರ್ವಕ್ಕೆ ಗಲ್ಲಿ, ದಕ್ಷಿಣಕ್ಕೆ ಶಿವಾಲಯ, ಉತ್ತರಕ್ಕೆ ಬಾವಿಯ ಕಟ್ಟೆ. ಪಶ್ಚಿಮಕ್ಕೆ ಇಂಥವರ ಮನೆ.

"ಅವರು ಈಗಲೂ ಇದ್ದಾರಾ?"

"ಅವರು ತೀರಿ ಐವತ್ತು ವರ್ಷ ಆಯಿತು, ಬಾಬೂಜಿ. ಮನೆಯೂ ಕಾರಿಡಾರಿಗೆ ಹೋಯಿತು. ಬಾವಿ ಮುಚ್ಚಿದ್ದಾರೆ."

"ಮತ್ತೆ ಹೊಸ ಪತ್ರದಲ್ಲಿ?"

"ಅದೇ ಬರೆಯೋದು" ಎಂದು ಅವರು ಹೆಬ್ಬೆರಳಿಗೆ ಎಂಜಲು ಹಚ್ಚಿ ಮುಂದಿನ ಹಾಳೆ ತಿರುವಿದರು.